ಸಲಿಂಗಿ ಸೈನಿಕ ಪಕ್ಕದ ಮಂಚದಲ್ಲಿದ್ದರೆ ಪಲ್ಟನ್ ಒಡೆಯುತ್ತದೆಯೇ?

ಪ್ರಶ್ನೆ: ಸೇನೆಯಲ್ಲಿ ಸೇವೆ ಮುಗಿಸಿ ಊರು ಸೇರಿದವನು ನಾನು. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ಸೈನ್ಯದಲ್ಲಿ ಹಿಂದೆ ಇದ್ದ ‘ಕೇಳಬೇಡ, ಹೇಳಬೇಡ’ ಎಂಬ ಕಾನೂನಿನ ಬಗ್ಗೆ ಟಿ.ವಿ.ಯಲ್ಲಿ ನೋಡಿದೆ. ಅದರಲ್ಲಿ ತಪ್ಪೇನಿತ್ತೋ ನನಗೆ ತಿಳಿಯಲಿಲ್ಲ. ನಾವು ಕೇಳುವುದಿಲ್ಲ, ನೀನೂ ಹೇಳಬೇಡ, ಸುಮ್ಮನೆ ಡ್ಯೂಟಿ ಮಾಡಿಕೊಂಡಿರು ಎಂದರೆ ಎರಡೂ ಕಡೆಯವರಿಗೆ ಒಳ್ಳೆಯದೇ ಅಲ್ಲವೇ? ಬ್ಯಾರಕ್‌ನಲ್ಲಿ ಎಲ್ಲರೂ ಒಟ್ಟಿಗೆ ಮಲಗುತ್ತೇವೆ, ಒಟ್ಟಿಗೆ ಸ್ನಾನ ಮಾಡುತ್ತೇವೆ. ಅಲ್ಲಿ ಸಲಿಂಗಿಗಳು ಬಹಿರಂಗವಾಗಿಯೇ ಇದ್ದರೆ ಒಗ್ಗಟ್ಟು ಉಳಿಯುತ್ತದೆಯೇ? ಆ ಕಾನೂನು ತೆಗೆದ ಮೇಲೆ ಅಲ್ಲಿ ನಿಜವಾಗಿ ಏನಾಯಿತು? ನಮ್ಮ ಸೇನೆಯ ನಿಯಮ ಏನು ಹೇಳುತ್ತದೆ?
— ನಿವೃತ್ತ ಸೈನಿಕ, ಬೆಳಗಾವಿ ಜಿಲ್ಲೆ (ಹೆಸರು ಬೇಡವೆಂದಿದ್ದಾರೆ)

ಉತ್ತರ: ಮೊದಲು ಚುಟುಕಾಗಿ ಹೇಳುತ್ತೇನೆ. 2011ರಲ್ಲಿ ಆ ಕಾನೂನು ಹೋದ ಮೇಲೆ ಅಮೆರಿಕದ ಸೈನ್ಯ ಒಡೆಯಲಿಲ್ಲ, ಜನ ಸಾಲುಸಾಲಾಗಿ ನೌಕರಿ ಬಿಡಲಿಲ್ಲ, ಕಾದಾಡುವ ಶಕ್ತಿಯೂ ಕುಗ್ಗಲಿಲ್ಲ. ಕಾನೂನು ಜಾರಿಯಲ್ಲಿದ್ದಾಗಲೇ ಪಲ್ಟನ್‌ಗಳಿಗೆ ಹೆಚ್ಚು ನಷ್ಟವಾಗಿತ್ತು. ಹಾಗೆಂದು ನಿಮ್ಮ ಒಗ್ಗಟ್ಟಿನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಸೇನಾ ಮುಖ್ಯಸ್ಥರೇ ಅದನ್ನು ಕೇಳಿದ್ದರು, ಅಲ್ಲಿನ ಸಂಸತ್ತು ಅದನ್ನು ನಂಬಿಯೇ ಕಾನೂನು ಮಾಡಿತ್ತು. ಅವರು ಏನು ಹೇಳಿದರು, ಆಮೇಲೆ ಏನು ಕಂಡುಬಂತು ಎಂಬುದನ್ನು ಒಂದೊಂದಾಗಿ ನೋಡೋಣ.

ಸಲಿಂಗಿಗಳನ್ನು ಸೈನ್ಯದಿಂದ ಹೊರಹಾಕುವ ಪದ್ಧತಿ ಅಲ್ಲಿ ಆ ದೇಶದಷ್ಟೇ ಹಳೆಯದು. 1778ರಲ್ಲಿ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಸಮರದ ನಡುವೆ, ವ್ಯಾಲಿ ಫೋರ್ಜ್ ಶಿಬಿರದಿಂದ ಎನ್‌ಸ್ಲಿನ್ ಎಂಬ ಲೆಫ್ಟಿನೆಂಟನನ್ನು ಡ್ರಮ್ ಬಾರಿಸುತ್ತ ಹೊರಗಟ್ಟಿದರು. ಆ ಶಿಕ್ಷೆಗೆ ಒಪ್ಪಿಗೆಯ ಮುದ್ರೆ ಒತ್ತಿದವರು ಜಾರ್ಜ್ ವಾಷಿಂಗ್ಟನ್. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಕೆಲಸ ಮನೋವೈದ್ಯರ ಕೈಗೂ ಬಂತು. ಭರ್ತಿಗೆ ಬಂದ ಹುಡುಗರನ್ನು ಅವರು ಪ್ರಶ್ನೆ ಕೇಳಿ ಸೋಸುತ್ತಿದ್ದರು. ಸೇವೆಯಲ್ಲಿದ್ದು ಸಿಕ್ಕಿಬಿದ್ದವರಲ್ಲಿ ಸಾವಿರಾರು ಜನರಿಗೆ ನೀಲಿ ಕಾಗದದ ಬಿಡುಗಡೆ ಪತ್ರ ಸಿಕ್ಕಿತು. ‘ಬ್ಲೂ ಡಿಸ್ಚಾರ್ಜ್’ ಎಂದು ಕರೆಸಿಕೊಂಡ ಈ ಪತ್ರ ಗೌರವದ ಬಿಡುಗಡೆಯೂ ಅಲ್ಲ, ಅಗೌರವದ ಬಿಡುಗಡೆಯೂ ಅಲ್ಲ. ಆದರೆ ಅದನ್ನು ಹಿಡಿದು ಬಂದವನಿಗೆ ಉಳಿದ ಯೋಧರಿಗೆಲ್ಲ ಸಿಕ್ಕ ಓದಿನ ನೆರವು, ಮನೆ ಸಾಲ ಸಿಗುತ್ತಿರಲಿಲ್ಲ. ಕೆಲಸ ಕೊಡುವವರಿಗೂ ಆ ಕಾಗದದ ಬಣ್ಣ ಏನು ಹೇಳುತ್ತದೆಂದು ಗೊತ್ತಿತ್ತು. ಇದೇ ನೀಲಿ ಕಾಗದವನ್ನು ಕಪ್ಪು ಸೈನಿಕರ ಮೇಲೂ ಅವರ ಸಂಖ್ಯೆಗೆ ಮೀರಿ ಬಳಸಲಾಯಿತು.

ಈ ಪದ್ಧತಿಯನ್ನು ಮೊದಲ ಬಾರಿಗೆ ಇಡೀ ದೇಶದ ಕಣ್ಣೆದುರು ಪ್ರಶ್ನಿಸಿದವರಲ್ಲಿ ಲಿಯೊನಾರ್ಡ್ ಮ್ಯಾಟ್ಲೊವಿಚ್ ಮುಖ್ಯರು. ಅವರು ವಾಯುಪಡೆಯ ಸಾರ್ಜೆಂಟ್. ವಿಯೆಟ್ನಾಂ ಯುದ್ಧದಲ್ಲಿ ಬ್ರಾಂಜ್ ಸ್ಟಾರ್ ಪದಕವನ್ನೂ, ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವನ್ನೂ ಪಡೆದವರು. 1975ರಲ್ಲಿ ತಮ್ಮ ಕಮಾಂಡಿಂಗ್ ಆಫೀಸರಿಗೆ ಪತ್ರ ಬರೆದು ತಾವು ಸಲಿಂಗಿ ಎಂದು ತಿಳಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಸಮವಸ್ತ್ರ ತೊಟ್ಟ ಅವರ ಚಿತ್ರ ಬಂತು, ಮುಂದಿನ ತಿಂಗಳು ಕೆಲಸ ಹೋಯಿತು. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಪರಿಹಾರದ ಹಣ ಪಡೆದು ರಾಜಿಯಾದರು. 1988ರಲ್ಲಿ ತೀರಿಕೊಂಡರು. ತಮ್ಮ ಸಮಾಧಿಯ ಕಲ್ಲಿನ ಮೇಲೆ ಏನಿರಬೇಕೆಂದು ಅವರೇ ಬರೆದಿಟ್ಟಿದ್ದರು: ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಸೈನ್ಯ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಮನೆಗೆ ಕಳಿಸಿತು ಎಂಬುದು ಅದರ ತಾತ್ಪರ್ಯ.

ಮ್ಯಾಟ್ಲೊವಿಚ್ ಪ್ರಕರಣದ ನಂತರವೂ ಸೈನ್ಯ ತನ್ನ ನಿಲುವು ಸಡಿಲಿಸಲಿಲ್ಲ, ಇನ್ನಷ್ಟು ಬಿಗಿ ಮಾಡಿತು. 1980ರ ದಶಕದ ಆರಂಭದಲ್ಲಿ, ಸಲಿಂಗಕಾಮವು ಸೇನಾ ಸೇವೆಗೆ ಹೊಂದುವುದೇ ಇಲ್ಲ ಎಂಬ ನೇರವಾದ ನಿಯಮ ಬಂತು. ಆ ಒಂದೇ ದಶಕದಲ್ಲಿ ಸುಮಾರು 17,000 ಜನ ಹೊರಹೋದರು.

‘ಕೇಳಬೇಡ, ಹೇಳಬೇಡ’ ಹುಟ್ಟಿದ್ದು ಇದರ ನಂತರ. 1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ಈ ನಿಷೇಧ ತೆಗೆಯುತ್ತೇನೆಂದು ಮಾತು ಕೊಟ್ಟಿದ್ದರು. ಗೆದ್ದು ಬಂದಾಗ ಎದುರು ನಿಂತವರು ಎಲ್ಲ ಪಡೆಗಳ ಜಂಟಿ ಮುಖ್ಯಸ್ಥ ಜನರಲ್ ಕಾಲಿನ್ ಪೊವೆಲ್ ಮತ್ತು ಅಧ್ಯಕ್ಷರ ಸ್ವಂತ ಪಕ್ಷದ ಸೆನೆಟರ್ ಸ್ಯಾಮ್ ನನ್. ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ ನನ್ ಅವರ ಕೈಯಲ್ಲಿತ್ತು. ಅವರು ನಾರ್ಫೋಕ್ ನೌಕಾನೆಲೆಗೆ ಕ್ಯಾಮೆರಾಗಳ ಸಮೇತ ಹೋಗಿ, ಜಲಾಂತರ್ಗಾಮಿಯೊಳಗೆ ಒಂದರ ಮೇಲೊಂದು ಅಂಟಿಕೊಂಡಂತಿರುವ ಮಲಗುವ ಜಾಗಗಳನ್ನು ದೇಶಕ್ಕೆ ತೋರಿಸಿದರು. ನೀವು ಬ್ಯಾರಕ್ಕಿನ ಬಗ್ಗೆ ಕೇಳಿದ ಪ್ರಶ್ನೆಯೇ ಅಲ್ಲಿ ಚಿತ್ರವಾಗಿತ್ತು. ಕೊನೆಗೆ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಮಾಸ್ಕೋಸ್ ಸೂಚಿಸಿದ ನಡುದಾರಿ ಗೆದ್ದಿತು. ಭರ್ತಿಯ ಸಮಯದಲ್ಲಿ ಸೈನ್ಯ ಕೇಳುವುದಿಲ್ಲ, ಸೈನಿಕ ಹೇಳಬಾರದು, ಹೇಳಿದರೆ ಮನೆಗೆ. 1993ರ ನವೆಂಬರ್‌ನಲ್ಲಿ ಕ್ಲಿಂಟನ್ ಇದಕ್ಕೆ ಸಹಿ ಹಾಕಿದರು. ಅಲ್ಲಿಯವರೆಗೆ ಸೈನ್ಯದ ನಿಯಮವಾಗಿದ್ದದ್ದು ಸಂಸತ್ತಿನ ಕಾನೂನಾಯಿತು. ಆಮೇಲಿನ ಯಾವ ಅಧ್ಯಕ್ಷರೂ ಒಂದು ಆದೇಶ ಹೊರಡಿಸಿ ಅದನ್ನು ತೆಗೆಯುವಂತಿರಲಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಸುಮ್ಮನಿದ್ದರೆ ಎರಡೂ ಕಡೆಗೆ ಒಳ್ಳೆಯದಲ್ಲವೇ?

ಸುಮ್ಮನಿರುವುದು ಎರಡೂ ಕಡೆಯವರಿಗೆ ಒಂದೇ ರೀತಿ ಇರಲಿಲ್ಲ. ಪಲ್ಟನ್‌ನಲ್ಲಿ ಮದುವೆಯಾದ ಜವಾನ ದಿನಕ್ಕೆ ಎಷ್ಟು ಸಲ ತನ್ನ ಹೆಂಡತಿಯ ಬಗ್ಗೆ ‘ಹೇಳುತ್ತಾನೆ’ ಎಂದು ನೀವೇ ನೆನಪಿಸಿಕೊಳ್ಳಿ. ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ ಫೋಟೊ, ಬಂದ ಕಾಗದ, ರಜೆಯ ಅರ್ಜಿಯಲ್ಲಿ ಬರೆದ ಕಾರಣ, ಗುಂಡು ಬಿದ್ದರೆ ಯಾರಿಗೆ ತಿಳಿಸಬೇಕೆಂದು ಬರೆಸಿದ ಹೆಸರು, ಪಿಂಚಣಿ ಪತ್ರದ ನಾಮಿನಿ, ಹಬ್ಬದ ದಿನ ಫ್ಯಾಮಿಲಿ ಕ್ವಾರ್ಟರ್ಸ್‌ನಿಂದ ಬರುವ ಡಬ್ಬಿ. ಇವುಗಳಲ್ಲಿ ಯಾವುದನ್ನೂ ಯಾರೂ ಲೈಂಗಿಕತೆಯ ಪ್ರದರ್ಶನ ಎಂದು ಭಾವಿಸುವುದಿಲ್ಲ. ಅಮೆರಿಕದ ಸಲಿಂಗಿ ಸೈನಿಕನಿಗೆ ಇವೆಲ್ಲವೂ ಸಾಕ್ಷ್ಯವಾಗಿದ್ದವು. ಇರಾಕ್‌ಗೆ ಹೊರಟವನನ್ನು ಬೀಳ್ಕೊಡಲು ಸಂಗಾತಿ ಬಂದು ಅಪ್ಪಿಕೊಂಡರೂ ಅಪಾಯ. ಕಾನೂನಿನ ಪ್ರಕಾರ ಸೈನಿಕ ತಪ್ಪು ನಡತೆ ತೋರಬೇಕೆಂದೇ ಇರಲಿಲ್ಲ, ತಾನು ಇಂಥವನು ಎಂದು ಹೇಳಿದ್ದೇ ಹೊರಹಾಕಲು ಸಾಕಿತ್ತು. ಹೇಳಿದ್ದು ಯಾರಿಗೆ ಎಂಬುದೂ ಮುಖ್ಯವಾಗಿರಲಿಲ್ಲ. ಗೆಳೆಯನಿಗೆ ಬರೆದ ಖಾಸಗಿ ಪತ್ರ ಬೇರೆಯವರ ಕೈಗೆ ಸಿಕ್ಕಿದ್ದರಿಂದ ನೌಕರಿ ಕಳೆದುಕೊಂಡವರಿದ್ದಾರೆ.

ಇದರ ಹೊರೆ ಹೆಂಗಸರ ಮೇಲೆ ಇನ್ನೂ ಹೆಚ್ಚು ಬಿತ್ತು. ಅಮೆರಿಕದ ಪಡೆಗಳಲ್ಲಿ ಅವರು ಸುಮಾರು ಶೇಕಡ 15 ಇದ್ದಾಗ, ಈ ಕಾನೂನಿನಡಿ ಹೊರಬಿದ್ದವರಲ್ಲಿ ಅವರ ಪಾಲು ಮೂರನೇ ಒಂದರಷ್ಟಿತ್ತು. ಮೇಲಧಿಕಾರಿಯ ಕೆಟ್ಟ ನಡತೆಗೆ ಸೊಪ್ಪು ಹಾಕದ ಹೆಣ್ಣುಮಗಳನ್ನು ‘ಲೆಸ್ಬಿಯನ್’ ಎಂದು ಆರೋಪಿಸುವ ಬೆದರಿಕೆ ಸುಲಭವಾಗಿತ್ತು. ಅವಳು ದೂರು ಕೊಟ್ಟರೆ ತನಿಖೆ ಅವಳ ಮೇಲೆಯೇ ತಿರುಗಬಹುದಿತ್ತು.

ಬ್ಯಾರಕ್ಕಿನ ವಿಷಯಕ್ಕೆ ಬಂದರೆ, 1999ರ ಜುಲೈಯಲ್ಲಿ ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಬ್ಯಾರಿ ವಿಂಚೆಲ್ ಎಂಬ ಯುವ ಸೈನಿಕನನ್ನು ಜೊತೆಯವರು ಸಲಿಂಗಿ ಎಂದು ತಿಂಗಳುಗಟ್ಟಲೆ ಹೀಯಾಳಿಸಿದ್ದರು. ಮಂಚದ ಮೇಲೆ ನಿದ್ದೆಯಲ್ಲಿದ್ದಾಗ ಅದೇ ಪಲ್ಟನ್‌ನ ಇನ್ನೊಬ್ಬ ಸೈನಿಕ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದ. ಹೀಯಾಳಿಕೆ ಮೇಲಿನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಿರುಕುಳದ ಬಗ್ಗೆ ದೂರು ಕೊಡಬೇಕಾದರೆ ಕಿರುಕುಳ ಏಕೆ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದರೆ ತನಿಖೆಯ ಬಾಗಿಲು ತೆರೆದುಕೊಳ್ಳುತ್ತದೆ. ಸಲಿಂಗಿ ಸೈನಿಕನಿಂದ ಬ್ಯಾರಕ್ಕಿಗೆ ಅಪಾಯ ಎಂಬ ಭಯದಿಂದ ಹುಟ್ಟಿದ ಕಾನೂನು, ಬ್ಯಾರಕ್ಕಿನಲ್ಲಿ ಅವನಿಗಿದ್ದ ಅಪಾಯವನ್ನು ಹೇಳಿಕೊಳ್ಳುವ ಬಾಯನ್ನೂ ಕಟ್ಟಿತ್ತು.

ಗುಟ್ಟಿರುವ ಸೈನಿಕನನ್ನು ಶತ್ರು ಬೆದರಿಸಿ ಬೇಹುಗಾರಿಕೆ ಮಾಡಿಸಬಹುದು ಎಂಬ ವಾದವೂ ಹಿಂದೆ ಜೋರಾಗಿತ್ತು. ಅಮೆರಿಕದ ನೌಕಾಪಡೆಯೇ ನೇಮಿಸಿದ ಕ್ರಿಟೆಂಡೆನ್ ಸಮಿತಿ 1957ರಲ್ಲಿ ಇದನ್ನು ಪರಿಶೀಲಿಸಿತು. ಸಲಿಂಗಿಗಳು ಭದ್ರತೆಗೆ ಹೆಚ್ಚಿನ ಅಪಾಯ ಎನ್ನಲು ಗಟ್ಟಿ ಆಧಾರವಿಲ್ಲ ಎಂದು ವರದಿ ಕೊಟ್ಟಿತು. ಆ ವರದಿ ಸುಮಾರು 20 ವರ್ಷ ಕಪಾಟಿನಲ್ಲೇ ಇತ್ತು. ಬೆದರಿಸಲು ಅಸ್ತ್ರ ಸಿಗುವುದು ಗುಟ್ಟು ಬಯಲಾದರೆ ನೌಕರಿ ಹೋಗುತ್ತದೆ ಎಂಬಲ್ಲಿ. ನಿಯಮವೇ ಆ ಅಸ್ತ್ರವನ್ನು ಮಾಡಿ ಶತ್ರುವಿನ ಕೈಗೆ ಕೊಡುತ್ತಿತ್ತು.

ಈಗ ಒಗ್ಗಟ್ಟಿನ ಮಾತು. ಪೊವೆಲ್, ನನ್ ಮತ್ತು ಅವರ ಜೊತೆಗಾರರ ವಾದ ಹೀಗಿತ್ತು: ಯುದ್ಧದಲ್ಲಿ ಸೈನಿಕ ಧ್ವಜಕ್ಕಾಗಿ ಅಲ್ಲ, ಪಕ್ಕದಲ್ಲಿರುವವನಿಗಾಗಿ ಪ್ರಾಣ ಕೊಡುತ್ತಾನೆ. ಆ ನಂಟಿನಲ್ಲಿ ಆಕರ್ಷಣೆ, ಅನುಮಾನ, ಮುಜುಗರ ಹೊಕ್ಕರೆ ನಂಬಿಕೆ ಕೆಡುತ್ತದೆ. ಗಂಡು ಹೆಣ್ಣುಗಳನ್ನು ಒಂದೇ ಸ್ನಾನದ ಮನೆಗೆ ಕಳಿಸುವುದಿಲ್ಲವಲ್ಲ, ಇದನ್ನು ಮಾತ್ರ ಸೈನಿಕ ಏಕೆ ಸಹಿಸಬೇಕು ಎಂದು ಮಾಸ್ಕೋಸ್ ಕೇಳುತ್ತಿದ್ದರು. ಕಪ್ಪು ಸೈನಿಕರ ಬಗ್ಗೆಯೂ ಇದೇ ಒಗ್ಗಟ್ಟಿನ ಮಾತು ಹೇಳಲಾಗಿತ್ತು, 1948ರಲ್ಲಿ ಟ್ರೂಮನ್ ವರ್ಣಭೇದ ಕೊನೆಗಾಣಿಸಲು ಆದೇಶ ಹೊರಡಿಸಿದಾಗ ಆಕಾಶ ಕಳಚಿ ಬೀಳಲಿಲ್ಲ ಎಂದು ಎದುರಿನವರು ನೆನಪಿಸಿದರು. ಪೊವೆಲ್ ಸ್ವತಃ ಕಪ್ಪು ಜನಾಂಗದವರು. ಚರ್ಮದ ಬಣ್ಣ ನಡತೆಗೆ ಸಂಬಂಧಿಸಿದ್ದಲ್ಲ, ಇದು ಸಂಬಂಧಿಸಿದ್ದು, ಹೋಲಿಕೆ ಸರಿಯಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಈ ವಾದವನ್ನು ಪರೀಕ್ಷಿಸಲು ಆಗಿನ ರಕ್ಷಣಾ ಸಚಿವರು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಗೆ ಹೇಳಿದ್ದರು. 1993ರಲ್ಲಿ ಬಂದ 500 ಪುಟ ಮೀರಿದ ಅದರ ವರದಿ ಒಂದು ಉಪಯುಕ್ತ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಒಗ್ಗಟ್ಟಿನಲ್ಲಿ ಎರಡು ಬಗೆ. ಒಬ್ಬರಿಗೊಬ್ಬರು ಇಷ್ಟವಾಗಿ, ಒಟ್ಟಿಗೆ ಉಂಡು ನಗುವ ಒಗ್ಗಟ್ಟು ಒಂದು. ಒಪ್ಪಿಸಿದ ಕೆಲಸವನ್ನು ಒಟ್ಟಾಗಿ ಮುಗಿಸುತ್ತೇವೆ ಎಂಬ ಹಟದ ಒಗ್ಗಟ್ಟು ಇನ್ನೊಂದು. ತುಕಡಿಯ ಸಾಧನೆ ನಿಂತಿರುವುದು ಎರಡನೆಯದರ ಮೇಲೆ. ಪಕ್ಕದವನ ಊಟ, ದೇವರು, ಜಾತಿ, ಭಾಷೆ ಇಷ್ಟವಿಲ್ಲದೆಯೂ ಅವನ ಜೊತೆ ಪಿಕೆಟ್ ಹಿಡಿದವರನ್ನು ನೀವೂ ಕಂಡಿರುತ್ತೀರಿ. ಮೇಲಿನವರು ಸ್ಪಷ್ಟ ಆದೇಶ ಕೊಟ್ಟು, ನಡತೆಯ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೆ ನಿಷೇಧ ತೆಗೆಯಬಹುದು ಎಂದು ವರದಿ ಹೇಳಿತು. ರಾಜಕೀಯ ಆಗಲೇ ಬೇರೆ ದಾರಿ ಹಿಡಿದಾಗಿತ್ತು, ವರದಿ ಮೂಲೆ ಸೇರಿತು.

ನನಗೆ ಎಲ್ಲ ವರದಿಗಳಿಗಿಂತ ಬಲವಾದ ಸಾಕ್ಷಿಯಾಗಿ ಕಾಣುವುದು ಬೇರೆಯದು. ಸಲಿಂಗಿ ಇದ್ದರೆ ತುಕಡಿಯ ಒಗ್ಗಟ್ಟು ಒಡೆಯುತ್ತದೆ ಎಂದು ಸೈನ್ಯ ನಿಜವಾಗಿ ನಂಬಿದ್ದರೆ, ಒಗ್ಗಟ್ಟು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ, ಅಂದರೆ ಯುದ್ಧದಲ್ಲಿ, ಅವರನ್ನು ಅತಿ ವೇಗವಾಗಿ ಹೊರಹಾಕಬೇಕಿತ್ತು. ನಡೆದದ್ದು ಇದಕ್ಕೆ ತಿರುವುಮುರುವು. 1991ರ ಕೊಲ್ಲಿ ಯುದ್ಧದಲ್ಲಿ ಯಾರನ್ನೂ ಬಿಡುಗಡೆ ಮಾಡಬೇಡಿ ಎಂಬ ಆದೇಶದಡಿ, ತಾವು ಸಲಿಂಗಿ ಎಂದು ಹೇಳಿದ ಕೆಲವರನ್ನೂ ಉಳಿಸಿಕೊಂಡು, ಯುದ್ಧ ಮುಗಿದ ಮೇಲೆ ಕ್ರಮ ಜರುಗಿಸಿದರು. ಹೊಸ ಕಾನೂನಿನಡಿ 2001ರಲ್ಲಿ 1,200ಕ್ಕೂ ಹೆಚ್ಚು ಜನ ಹೊರಬಿದ್ದರು. ಅಫ್ಘಾನಿಸ್ತಾನ, ಇರಾಕ್ ಯುದ್ಧಗಳು ಬಿಸಿಯೇರಿ ಆಳಿನ ಕೊರತೆಯಾದಾಗ ಆ ಸಂಖ್ಯೆ ಅರ್ಧದ ಆಸುಪಾಸಿಗೆ ಇಳಿಯಿತು. ಗುಂಡು ಹಾರುವಾಗ ಅವರು ಬೇಕಿದ್ದರು, ಶಾಂತಿಯಲ್ಲಿ ಬೇಡವಾಗುತ್ತಿದ್ದರು. ಬ್ಯಾರಕ್ಕಿನ ಶಾಂತ ದಿನಗಳಲ್ಲಿ ಕಾಡುವ ಮುಜುಗರಕ್ಕೆ ಯುದ್ಧದ ಒಗ್ಗಟ್ಟಿನ ಹೆಸರು ಕೊಡಲಾಗಿತ್ತು ಎಂದೇ ಇದರ ಅರ್ಥ.

2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಮೊದಲ ಅಮೆರಿಕನ್ ಯೋಧ ಮೆರೀನ್ ಪಡೆಯ ಎರಿಕ್ ಆಲ್ವಾ. ನೆಲಬಾಂಬ್ ಮೆಟ್ಟಿ ಬಲಗಾಲು ಕಳೆದುಕೊಂಡರು. ಅಧ್ಯಕ್ಷರೇ ಆಸ್ಪತ್ರೆಗೆ ಬಂದು ನೋಡಿದ ಆ ವೀರ ಸಲಿಂಗಿ ಎಂಬುದು ದೇಶಕ್ಕೆ ತಿಳಿದದ್ದು 2007ರಲ್ಲಿ, ಅವರೇ ಹೇಳಿದಾಗ.

ಖರ್ಚಿನ ಲೆಕ್ಕವೂ ಇದೆ. ಕಾನೂನು ಜಾರಿಯಲ್ಲಿದ್ದ ಕಾಲದಲ್ಲಿ 13,000ಕ್ಕೂ ಹೆಚ್ಚು ತರಬೇತಾದ ಸೈನಿಕರು ಹೊರಹೋದರು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರ ಪ್ರಕಾರ 2004ರಿಂದ 2009ರವರೆಗಿನ ಆರು ವರ್ಷಗಳಲ್ಲಿ ಹೊರಹಾಕಿದ 3,664 ಜನರಿಂದಾದ ವೆಚ್ಚವೇ 19 ಕೋಟಿ ಡಾಲರ್ ದಾಟಿತ್ತು. ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದ ಮರುವರ್ಷ, ಅರಬ್ಬಿ ಬಲ್ಲವರಿಗಾಗಿ ಸೈನ್ಯ ಪರದಾಡುತ್ತಿದ್ದಾಗಲೇ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ಸೇನಾ ಭಾಷಾ ಶಾಲೆಯಿಂದ ಅರಬ್ಬಿ ಕಲಿತವರನ್ನು ಈ ಕಾರಣಕ್ಕೆ ಮನೆಗೆ ಕಳಿಸಿದರು.

ಒಬ್ಬ ವ್ಯಕ್ತಿಯನ್ನು ತೆಗೆದರೆ ಅವಳ ತುಕಡಿಗೆ ಏನಾಗುತ್ತದೆ ಎಂಬುದನ್ನು ಒಂದು ನ್ಯಾಯಾಲಯ ಸಾಕ್ಷಿಗಳನ್ನು ಕರೆದು ಕೇಳಿದ್ದೂ ಉಂಟು. ಮೇಜರ್ ಮಾರ್ಗರೆಟ್ ವಿಟ್ ವಾಯುಪಡೆಯ ನರ್ಸ್, ಗಾಯಾಳುಗಳನ್ನು ವಿಮಾನದಲ್ಲಿ ಸಾಗಿಸುವ ತಂಡದವರು. ಸೈನ್ಯದ ಹೊರಗಿನ ಒಬ್ಬ ಹೆಂಗಸಿನ ಜೊತೆ ಅವರಿಗಿದ್ದ ಸಂಬಂಧದ ಬಗ್ಗೆ ದೂರು ಹೋಗಿ, 2004ರಲ್ಲಿ ಕೆಲಸದಿಂದ ದೂರವಿಟ್ಟರು. ವಾಷಿಂಗ್ಟನ್ ರಾಜ್ಯದ ಟಕೋಮಾದ ನ್ಯಾಯಾಧೀಶ ರೊನಾಲ್ಡ್ ಲೇಟನ್ ಮೊದಲು ಆಕೆಯ ದಾವೆಯನ್ನು ವಜಾ ಮಾಡಿದ್ದರು. ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾನೂನಿನ ಹೊಗಳಿಕೆ ಬೇಡ, ಈ ಅಧಿಕಾರಿಯನ್ನು ತೆಗೆಯುವುದರಿಂದ ಒಗ್ಗಟ್ಟಿಗೆ ಲಾಭವಿದೆಯೇ ಎಂದು ತೋರಿಸಿ ಎಂಬರ್ಥದಲ್ಲಿ 2008ರಲ್ಲಿ ಕಡತವನ್ನು ಅವರಿಗೇ ಮರಳಿಸಿತು. ವಿಟ್ ಅವರ ಜೊತೆ ಕೆಲಸ ಮಾಡಿದವರು ಬಂದು ಸಾಕ್ಷಿ ನುಡಿದರು. 2010ರ ಸೆಪ್ಟೆಂಬರ್‌ನಲ್ಲಿ ಅದೇ ಲೇಟನ್, ಆಕೆ ಇದ್ದದ್ದರಿಂದ ತುಕಡಿಯ ಮನೋಬಲ ಕೆಟ್ಟಿರಲಿಲ್ಲ, ತೆಗೆದದ್ದರಿಂದ ಕೆಟ್ಟಿತು ಎಂದು ತೀರ್ಪು ಬರೆದು, ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಆದೇಶಿಸಿದರು.

ಅದೇ ವರ್ಷ ಸೈನ್ಯವೂ ತನ್ನವರನ್ನೇ ಕೇಳಿತು. ಫೆಬ್ರುವರಿಯಲ್ಲಿ ಜಂಟಿ ಮುಖ್ಯಸ್ಥ ಅಡ್ಮಿರಲ್ ಮೈಕ್ ಮಲ್ಲೆನ್ ಸೆನೆಟ್ ಸಮಿತಿಯ ಮುಂದೆ ಕುಳಿತು, ದೇಶ ಕಾಯುವ ಹುಡುಗ ಹುಡುಗಿಯರಿಗೆ ತಾವು ಯಾರೆಂಬುದರ ಬಗ್ಗೆ ಸುಳ್ಳು ಹೇಳಲು ಒತ್ತಾಯಿಸುವ ನೀತಿ ತಮಗೆ ಸರಿಕಾಣುವುದಿಲ್ಲ ಎಂದರು. ಪ್ರಾಮಾಣಿಕತೆಯನ್ನು ಮೊದಲ ಗುಣವೆಂದು ಕಲಿಸುವ ಸಂಸ್ಥೆಗೆ ಇದು ಸಲ್ಲದು ಎಂಬುದು ಅವರ ಮಾತಿನ ತಿರುಳು. ಆಗ ನಿವೃತ್ತರಾಗಿದ್ದ ಪೊವೆಲ್ ಕೂಡ ಕಾಲ ಬದಲಾಗಿದೆ ಎಂದು ರದ್ದತಿಯನ್ನು ಬೆಂಬಲಿಸಿದರು. ರಕ್ಷಣಾ ಇಲಾಖೆ 4,00,000 ಸೈನಿಕರಿಗೆ ಪ್ರಶ್ನಾವಳಿ ಕಳಿಸಿತು, ಸುಮಾರು 1,15,000 ಜನ ಉತ್ತರಿಸಿದರು. ರದ್ದಾದರೆ ಪರಿಣಾಮ ಒಳ್ಳೆಯದು, ಮಿಶ್ರ ಅಥವಾ ಏನೂ ಇಲ್ಲ ಎಂದವರು ಶೇಕಡ 70. ನೇರ ಕಾಳಗದ ಮೆರೀನ್ ತುಕಡಿಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಜನ ಕೆಡುಕಾಗುತ್ತದೆ ಎಂದೇ ಹೇಳಿದ್ದರು. ಆದರೆ ಅದೇ ಕಾಳಗದ ಮೆರೀನ್‌ಗಳಲ್ಲಿ, ಸಲಿಂಗಿ ಎಂದು ತಾವು ನಂಬಿದ ಸಂಗಾತಿಯ ಜೊತೆ ನಿಜವಾಗಿ ಕೆಲಸ ಮಾಡಿದವರನ್ನು ಕೇಳಿದಾಗ, ಶೇಕಡ 84 ಜನ ತಮ್ಮ ತುಕಡಿಯ ಹೊಂದಾಣಿಕೆ ಚೆನ್ನಾಗಿತ್ತು ಅಥವಾ ಕೆಟ್ಟದ್ದೇನೂ ಇರಲಿಲ್ಲ ಎಂದರು. ಒಟ್ಟು ಸೈನ್ಯದಲ್ಲಿ ಆ ಪ್ರಮಾಣ ಶೇಕಡ 92. ಭಯ ಇದ್ದದ್ದು ಊಹೆಯಲ್ಲಿ, ಅನುಭವದಲ್ಲಿ ಬಹುಮಟ್ಟಿಗೆ ಇರಲಿಲ್ಲ.

2010ರ ಡಿಸೆಂಬರ್ 18ರಂದು ಸೆನೆಟ್ 65–31 ಮತಗಳಿಂದ ರದ್ದತಿಯನ್ನು ಒಪ್ಪಿತು, 22ರಂದು ಒಬಾಮಾ ಸಹಿ ಹಾಕಿದರು. ಆದರೆ ಮರುದಿನವೇ ಜಾರಿ ಮಾಡಲಿಲ್ಲ. ತಿಂಗಳುಗಟ್ಟಲೆ ತುಕಡಿಗಳಿಗೆ ತರಬೇತಿ ಕೊಟ್ಟು, ಅಧ್ಯಕ್ಷರು, ರಕ್ಷಣಾ ಸಚಿವರು ಮತ್ತು ಜಂಟಿ ಮುಖ್ಯಸ್ಥರು ಸೈನ್ಯ ಸಿದ್ಧ ಎಂದು ಪ್ರಮಾಣೀಕರಿಸಿದ ಮೇಲೆ, 2011ರ ಸೆಪ್ಟೆಂಬರ್ 20ರಂದು ಹಳೆಯ ಕಾನೂನು ಕೊನೆಗೊಂಡಿತು. ಸ್ನಾನದ ಮನೆ, ಮಲಗುವ ಕೋಣೆಗಳನ್ನು ಬೇರೆ ಬೇರೆ ಮಾಡಲಿಲ್ಲ. ಇಷ್ಟು ವರ್ಷವೂ ಅವರು ಅಲ್ಲೇ ಇದ್ದರು, ಹೊಸದಾಗಿ ಬಂದವರೇನಲ್ಲ ಎಂಬುದೇ ಅದಕ್ಕೆ ಕಾರಣ. ಅನುಚಿತವಾಗಿ ಮುಟ್ಟಿದವನಿಗೆ, ಕಾಡಿದವನಿಗೆ ಶಿಕ್ಷೆ. ಅವನು ಸಲಿಂಗಿಯೋ ಅಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಮೇಲಧಿಕಾರಿ ತನ್ನ ಕೈಕೆಳಗಿನವರ ಜೊತೆ ಸಂಬಂಧ ಇಟ್ಟುಕೊಳ್ಳುವುದಕ್ಕಿದ್ದ ನಿಷೇಧ ಹಾಗೆಯೇ ಉಳಿಯಿತು.

ಆಮೇಲೆ ಏನಾಯಿತು ಎಂಬುದಕ್ಕೆ ವಿರೋಧಿಸಿದವರ ಮಾತನ್ನೇ ಕೇಳುವುದು ಒಳ್ಳೆಯದು. ಮೆರೀನ್ ಪಡೆಯ ಮುಖ್ಯಸ್ಥ ಜನರಲ್ ಜೇಮ್ಸ್ ಏಮೊಸ್, ಗಮನ ಚದುರಿದರೆ ತಮ್ಮ ಹುಡುಗರ ಜೀವ ಹೋಗಬಹುದು ಎಂದು 2010ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದರು. ಕಾನೂನು ಬದಲಾದಾಗ, ನಮಗೆ ಆದೇಶ ಬಂದಿದೆ, ಚಾಚೂ ತಪ್ಪದೆ ಪಾಲಿಸುತ್ತೇವೆ ಎಂದು ತಮ್ಮ ಪಡೆಗೆ ತಾವೇ ವಿಡಿಯೊ ಮಾಡಿ ಹೇಳಿದರು. 2011ರ ನವೆಂಬರ್‌ನಲ್ಲಿ ಪತ್ರಕರ್ತರು ಕೇಳಿದಾಗ, ಏನೂ ಆಗಲೇ ಇಲ್ಲ ಎಂಬರ್ಥದ ಉತ್ತರ ಕೊಟ್ಟರು. ರದ್ದತಿಯನ್ನು ವಿರೋಧಿಸಿ 2009ರಲ್ಲಿ ಸಾವಿರಕ್ಕೂ ಹೆಚ್ಚು ನಿವೃತ್ತ ಜನರಲ್‌ಗಳು, ಅಡ್ಮಿರಲ್‌ಗಳು ಪತ್ರಕ್ಕೆ ಸಹಿ ಹಾಕಿದ್ದರು. ಕಾನೂನು ಹೋಗಿ ಒಂದು ವರ್ಷವಾದಾಗ ಸೇನಾ ಅಕಾಡೆಮಿಗಳ ಪ್ರಾಧ್ಯಾಪಕರೂ ಸೇರಿ ನಡೆಸಿದ ಅಧ್ಯಯನವೊಂದು ಅವರನ್ನೂ ಸಂಪರ್ಕಿಸಿ ವಿಚಾರಿಸಿತು. ಭರ್ತಿ, ಮನೋಬಲ, ಯುದ್ಧಸನ್ನದ್ಧತೆ ಯಾವುದರಲ್ಲೂ ಕುಸಿತ ಕಾಣಲಿಲ್ಲ.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತೆಂದೂ ಅಲ್ಲ. ಸಲಿಂಗ ಸಂಗಾತಿಗೆ ಸೇನೆಯ ಮನೆ, ವೈದ್ಯಕೀಯ ಸೌಲಭ್ಯ ಸಿಗಲು 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮದುವೆಯ ಕಾನೂನಿನ ಬಗ್ಗೆ ತೀರ್ಪು ಕೊಡುವವರೆಗೆ ಕಾಯಬೇಕಾಯಿತು. ಹಿಂದೆ ಕಳಂಕದ ಕಾಗದ ಹಿಡಿದು ಹೊರಟವರಲ್ಲಿ ಅನೇಕರು ಅದನ್ನು ತಿದ್ದಿಸಿಕೊಳ್ಳಲು ವರ್ಷಗಟ್ಟಲೆ ಅಲೆದರು. ರಕ್ಷಣಾ ಇಲಾಖೆ ತಾನೇ ಕಡತ ತೆರೆದು 800ಕ್ಕೂ ಹೆಚ್ಚು ಜನರ ಬಿಡುಗಡೆಯನ್ನು ಗೌರವದ ಬಿಡುಗಡೆಯಾಗಿ ಬದಲಿಸಿದ್ದು 2024ರಲ್ಲಿ. ಲಿಂಗತ್ವ ಅಲ್ಪಸಂಖ್ಯಾತ ಸೈನಿಕರ ಪ್ರಶ್ನೆ ಬೇರೆಯೇ ದಾರಿಯಲ್ಲಿ ಸಾಗಿ, 2025ರಲ್ಲಿ ಮತ್ತೆ ನಿಷೇಧಕ್ಕೆ ಬಂದು ನಿಂತಿದೆ.

ಬ್ರಿಟನ್ನಿನ ಕಥೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ನಮ್ಮ ಸೇನಾ ಕಾನೂನಿನ ಬೇರು ಅಲ್ಲಿದೆ. ಅಲ್ಲಿ ನಡುದಾರಿಯೂ ಇರಲಿಲ್ಲ, ಮಿಲಿಟರಿ ಪೊಲೀಸರು ಕೋಣೆ ಜಾಲಾಡಿ, ಪತ್ರಗಳನ್ನು ಓದಿ, ಗಂಟೆಗಟ್ಟಲೆ ವಿಚಾರಣೆ ಮಾಡುತ್ತಿದ್ದರು. ವಾಯುಪಡೆಯ ನರ್ಸ್ ಜೀನೆಟ್ ಸ್ಮಿತ್, ಸಾರ್ಜೆಂಟ್ ಗ್ರೇಮ್ ಗ್ರೇಡಿ ಮುಂತಾದವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಉಳಿದ ಸೈನಿಕರಿಗೆ ಇವರು ಇಷ್ಟವಿಲ್ಲ ಎಂಬುದೇ ಸರ್ಕಾರದ ಮುಖ್ಯ ಸಮರ್ಥನೆಯಾಗಿತ್ತು. ಬೇರೆ ಬಣ್ಣದ, ಬೇರೆ ಮೂಲದ ಸೈನಿಕರ ಬಗೆಗಿನ ಅಸಹನೆಯನ್ನು ಹೇಗೆ ಕಾರಣವೆಂದು ಒಪ್ಪಲಾಗದೋ ಇದನ್ನೂ ಹಾಗೆಯೇ ಒಪ್ಪಲಾಗದು ಎಂದು 1999ರ ಸೆಪ್ಟೆಂಬರ್ 27ರಂದು ನ್ಯಾಯಾಲಯ ಹೇಳಿತು. 2000ದ ಜನವರಿ 12ರಂದು ನಿಷೇಧ ಹೋಯಿತು. ಅದರ ಜಾಗಕ್ಕೆ ಗಂಡು ಹೆಣ್ಣು, ಸಲಿಂಗಿಗಳು ಅಲ್ಲದವರು ಎಂಬ ಭೇದಗಳಿಲ್ಲದ ಒಂದೇ ನಡತೆಯ ಸಂಹಿತೆ ಬಂತು. ಈ ನಡತೆಯಿಂದ ತುಕಡಿಯ ಕೆಲಸ ಕೆಟ್ಟಿತೇ, ಕೆಡುವ ಸಂಭವವಿತ್ತೇ ಎಂಬುದಷ್ಟೇ ಅಧಿಕಾರಿ ಕೇಳಬೇಕಾದ ಪ್ರಶ್ನೆಯಾಯಿತು. 2023ರ ಜುಲೈಯಲ್ಲಿ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಹಳೆಯ ಸೈನಿಕರ ಕ್ಷಮೆ ಕೇಳಿದರು. ಕೆನಡಾ, ಆಸ್ಟ್ರೇಲಿಯಾ 1992ರಲ್ಲೇ ನಿಷೇಧ ತೆಗೆದಿದ್ದವು. ಸದಾ ಯುದ್ಧದ ಅಂಚಿನಲ್ಲಿರುವ ಇಸ್ರೇಲ್ 1993ರಲ್ಲಿ ಉಳಿದಿದ್ದ ನಿರ್ಬಂಧಗಳನ್ನೂ ತೆಗೆದುಹಾಕಿತು.

ಕೊನೆಯದಾಗಿ ನಮ್ಮ ಸೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ನಾಗರಿಕರಿಗೆ ಅಲ್ಲಿಗೆ ಮುಗಿಯಿತು. ಸೈನಿಕರಿಗೆ ಮುಗಿಯಲಿಲ್ಲ. ಸಂವಿಧಾನದ 33ನೇ ವಿಧಿಯ ಪ್ರಕಾರ, ಶಿಸ್ತು ಮತ್ತು ಕರ್ತವ್ಯದ ದೃಷ್ಟಿಯಿಂದ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಗೊಳಿಸಬಹುದು. ಭೂಸೇನೆಯ 1950ರ ಕಾಯ್ದೆಯ 45ನೇ ಕಲಮು ಅಧಿಕಾರಿಗೆ ತಕ್ಕುದಲ್ಲದ ನಡತೆಯನ್ನು ಶಿಕ್ಷಿಸುತ್ತದೆ. 46ನೇ ಕಲಮು ಕ್ರೂರ, ಅಸಭ್ಯ ಅಥವಾ ‘ಅಸ್ವಾಭಾವಿಕ’ ರೀತಿಯ ನಾಚಿಕೆಗೇಡಿನ ನಡತೆಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಲ್ಲದು. ಸಲಿಂಗಿ ಎಂಬ ಪದ ಎರಡರಲ್ಲೂ ಇಲ್ಲ, ಅರ್ಥ ಮಾಡುವವರ ಕೈಯಲ್ಲಿದೆ. 2019ರ ಜನವರಿಯ ಪತ್ರಿಕಾಗೋಷ್ಠಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅದನ್ನು ಬಿಡಿಸಿ ಹೇಳಿದರು: ನಮ್ಮ ಸೇನೆ ಸಂಪ್ರದಾಯಸ್ಥ, ಇದನ್ನು ಒಳಗೆ ಬಿಡುವುದಿಲ್ಲ, ಸೇನಾ ಕಾಯ್ದೆಯಡಿಯೇ ವ್ಯವಹರಿಸುತ್ತೇವೆ. ಸಲಿಂಗಿ ಸೇನಾಧಿಕಾರಿಯ ಕಥೆ ಇದ್ದ ಚಿತ್ರಕಥೆಯೊಂದಕ್ಕೆ ನಿರ್ದೇಶಕ ಓನಿರ್ ಕೇಳಿದ್ದ ಒಪ್ಪಿಗೆಯನ್ನು ರಕ್ಷಣಾ ಸಚಿವಾಲಯ 2022ರಲ್ಲಿ ನಿರಾಕರಿಸಿತು.

ನಮ್ಮ ಜವಾನರು ಹಳ್ಳಿಗಳಿಂದ ಬಂದವರು, ಅಮೆರಿಕದ ಪಾಠ ಇಲ್ಲಿಗೆ ಹೊಂದುವುದಿಲ್ಲ ಎಂದು ನೀವು ಹೇಳಬಹುದು. ಪಾಠ ಹಾಗೇ ಹೊಂದಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಇದೇ ವಾದ ನಮ್ಮ ಸುಪ್ರೀಂ ಕೋರ್ಟಿನಲ್ಲೇ ಒಮ್ಮೆ ಬೇರೆಯವರ ವಿರುದ್ಧ ಬಂದಿತ್ತು. ಗ್ರಾಮೀಣ ಹಿನ್ನೆಲೆಯ ಗಂಡು ಸೈನಿಕರು ಮಹಿಳೆಯರ ಕಮಾಂಡನ್ನು ಒಪ್ಪಲು ಮಾನಸಿಕವಾಗಿ ಸಿದ್ಧರಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತ್ತು. 2020ರ ಫೆಬ್ರುವರಿ 17ರಂದು ಬಬಿತಾ ಪುನಿಯಾ ಪ್ರಕರಣದಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿ, ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ ಕೊಡಲು ಆದೇಶಿಸಿತು. ಇಂದು ಮಹಿಳಾ ಕರ್ನಲ್‌ಗಳು ಘಟಕಗಳನ್ನು ನಡೆಸುತ್ತಿದ್ದಾರೆ, ಹಳ್ಳಿಯ ಜವಾನ ಅವರಿಗೆ ಸೆಲ್ಯೂಟ್ ಹೊಡೆಯುತ್ತಿದ್ದಾನೆ. ಜವಾನ ಒಪ್ಪುವುದಿಲ್ಲ ಎಂದು ಮೇಲಿನವರು ಹೇಳುವಾಗ, ಎಷ್ಟೋ ಸಲ ಅವರು ತಮ್ಮದೇ ಹಿಂಜರಿಕೆಯನ್ನು ಅವನ ಹೆಸರಿನಲ್ಲಿ ಹೇಳುತ್ತಿರುತ್ತಾರೆ.

ನೀವು ಕೇಳಿದ ಒಗ್ಗಟ್ಟು ನಿಜವಾದದ್ದು, ಸೇನೆ ಅದಿಲ್ಲದೆ ನಿಲ್ಲದು. ಆದರೆ ಅದನ್ನು ಕಟ್ಟುವುದು ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬ ತನಿಖೆ ಅಲ್ಲ. ಎಲ್ಲರಿಗೂ ಒಂದೇ ನಡತೆಯ ನಿಯಮ, ಅದನ್ನು ಮುಖ ನೋಡದೆ ಜಾರಿ ಮಾಡುವ ಅಧಿಕಾರಿ, ಮತ್ತು ಎರಡು ಅರ್ಥಕ್ಕೆ ಎಡೆಯಿಲ್ಲದ ಹುಕುಂ, ಇವಿಷ್ಟು ಇದ್ದ ಕಡೆಯಲ್ಲೆಲ್ಲ ಸಲಿಂಗಿ ಸೈನಿಕ ಉಳಿದವರಂತೆ ಇನ್ನೊಬ್ಬ ಸೈನಿಕನಾಗಿಯೇ ಉಳಿದ. ಸ್ಪಷ್ಟ ಹುಕುಂ ಬಂದ ಮೇಲೆ ಪಲ್ಟನ್ ಏನು ಮಾಡುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.